ಒಲೆ, ದೀಪ ಮತ್ತು ನಮ್ಮ ಯುವಕರು

ಕಳೆದ ಡಿಸೆಂಬರಿನ ಒಂದು ಸಂಜೆ ಜಮಖಂಡಿಯ ನಮ್ಮ ಓಣಿಗೆ ನಾಲ್ವರು ಕಾಲೇಜು ಹುಡುಗರೂ ಇಬ್ಬರು ಹುಡುಗಿಯರೂ ಬಂದರು. ಕೈಯಲ್ಲಿ ಒಂದು ದಪ್ಪ ವಹಿ, ಹೆಗಲಲ್ಲಿ ಒಂದು ಚೀಲ. ಮನೆಮನೆಗೆ ಹೋಗಿ ಶಕ್ತಿಯ ಉಳಿತಾಯವನ್ನು ಕುರಿತು ತಿಳಿಹೇಳುವುದು ಅವರು ತಾವಾಗಿ ವಹಿಸಿಕೊಂಡ ಕೆಲಸ. ನಾನು ಬಾಗಿಲಲ್ಲಿ ನಿಂತೆ. "ಸರ, ನಿಮ್ಮ ಮನ್ಯಾಗ ಎಷ್ಟು ಬಲ್ಬ್ ಅದಾವ್ರಿ? ಫ್ಯಾನ್ ಎಷ್ಟ್ರಿ? ಫ್ರಿಜ್ಜಿಗೆ ಎಷ್ಟು ಚುಕ್ಕಿ ಅದಾವ್ರಿ?" ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ವಿನಯವುಳ್ಳ ಮಕ್ಕಳು, ನನಗೆ ಸಂತೋಷವೇ ಆಯಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಬಚ್ಚಲ ಒಲಿ ಬರಕೊಳ್ಳಂಗಿಲ್ಲೇನ್ರಪಾ? ದಿನಾ ಹಂಡೇದಾಗ ನೀರು ಕಾಸತೇನಿ." ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರ ವಹಿಯಲ್ಲಿ ಒಲೆಗೆ ಅಂಕಣವೇ ಇರಲಿಲ್ಲ.

ಅವರು ಹೋದ ಮೇಲೆ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕುಳಿತೆ. ಏಕೆಂದರೆ ಸುಮಾರು ನಲವತ್ತು ವರ್ಷಗಳ ಹಿಂದೆ ಅಂತಹುದೇ ಒಂದು ವಹಿಯನ್ನು ಹಿಡಿದು ಊರೂರು ತಿರುಗಿದವನು ನಾನೂ ಹೌದು. ನನ್ನ ವಹಿಯಲ್ಲಿಯೂ ಒಂದು ಮುಖ್ಯವಾದ ಅಂಕಣ ಬಿಟ್ಟುಹೋಗಿತ್ತು. ಆ ಕತೆಯನ್ನು ಹೇಳುವ ಮುನ್ನ ನಮ್ಮ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಒಲೆ-ದೀಪಗಳ ಚರಿತ್ರೆಯನ್ನು ತುಸು ಹಿಂದಿನಿಂದ ನೋಡುವುದು ಒಳ್ಳೆಯದು. ರಾಜಮಹಾರಾಜರ ಚರಿತ್ರೆ ಬರೆದವರು ಅನೇಕರಿದ್ದಾರೆ. ಒಲೆಯ ಚರಿತ್ರೆ ಬರೆದವರು ಕಡಿಮೆ.

ಈ ಊರುಗಳು ನೆರೆಹೊರೆಯವಾದರೂ ಬಹುಕಾಲ ಒಂದೇ ಆಳಿಕೆಯಲ್ಲಿ ಇದ್ದವಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ; ರನ್ನನ ಊರೆಂದು ಹೆಸರಾದ ಮುಧೋಳ ಘೋರ್ಪಡೆಯವರ ಸಂಸ್ಥಾನ; ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು; ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು; 1956ರಲ್ಲಿ ಇವೆಲ್ಲವೂ ವಿಶಾಲ ಮೈಸೂರಿಗೆ ಬಂದವು; 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಆಳುವವರು ಬೇರೆಬೇರೆಯಾಗಿದ್ದರೂ ಒಲೆ ಮಾತ್ರ ಒಂದೇ ಬಗೆಯದಾಗಿತ್ತು. ಅದಕ್ಕೆ ಕಾರಣ ನಮ್ಮ ನೆಲ. ಇದು ಕೃಷ್ಣೆ-ಘಟಪ್ರಭೆಗಳ ನಡುವಣ ಎರೆಭೂಮಿ. ಮಲೆನಾಡಿನಂತೆ ಕಾಡಿಲ್ಲ, ಕಟ್ಟಿಗೆಯಿಲ್ಲ. ಹೊಲ ಕೊಟ್ಟದ್ದೇ ಉರುವಲು: ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕಬ್ಬಿನ ರವದಿ. ಉಳಿದದ್ದಕ್ಕೆ ಕುಳ್ಳು. ಕುಳ್ಳು ಸುಟ್ಟಷ್ಟೂ ಹೊಲದ ಗೊಬ್ಬರ ಕಡಿಮೆಯಾಗುತ್ತದೆಂಬುದನ್ನು ನಮ್ಮ ರೈತರಿಗೆ ಯಾರೂ ಬಂದು ಕಲಿಸಬೇಕಾಗಿರಲಿಲ್ಲ.

ಉರುವಲು ವಿರಳವಾದ ನಾಡಿನಲ್ಲಿ ಮಿತವ್ಯಯ ತಾನಾಗಿಯೇ ಹುಟ್ಟುತ್ತದೆ. ನನ್ನ ತಾಯಿಯ ಅಡುಗೆಮನೆಯಲ್ಲಿ ಇದ್ದುದು ಕೋಡೊಲೆ. ಮುಂದಿನ ಒಲೆಯಲ್ಲಿ ಉರಿ ಹಾಕಿದರೆ ಅದರ ಬಿಸಿ ಪಕ್ಕದ ಕೋಡಿಗೂ ಹರಿದು ಅಲ್ಲಿಟ್ಟ ಬೇಳೆಯನ್ನು ಬೇಯಿಸುತ್ತಿತ್ತು. ಹೋಗಿಬಿಡುವ ಶಾಖವನ್ನು ಹಿಡಿದು ಮತ್ತೊಮ್ಮೆ ದುಡಿಸಿಕೊಳ್ಳುವ ಈ ಯುಕ್ತಿಯನ್ನು ಇಂದಿನ ವಿಜ್ಞಾನಿಗಳು ದಕ್ಷತೆ ಎಂದು ಕರೆಯುತ್ತಾರೆ. ನನ್ನ ತಾಯಿಗೆ ಅದು ಬರಿಯ ಕೋಡೊಲೆ. ಬೇಳೆಯನ್ನು ಮೊದಲೇ ನೆನೆಹಾಕುವುದು, ಗಡಿಗೆಗೆ ಮುಚ್ಚಳ ಮುಚ್ಚುವುದು, ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಗ್ಗೆ ಕಡ್ಡಿ ಗೀರದೆ ಒಲೆ ಹೊತ್ತಿಸುವುದು, ಇವೆಲ್ಲ ನಿತ್ಯದ ರೂಢಿಗಳು. ಮಹಾಲಿಂಗಪುರದ ಪೇಟೆಗೆ ಹೆಸರು ತಂದ ಬೆಲ್ಲದ ಕತೆಯೂ ಹೀಗೆಯೇ. ಗಾಣದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆ ಒಣಗಿ, ಅದೇ ಕಬ್ಬಿನ ಹಾಲನ್ನು ಕುದಿಸುವ ಉರುವಲಾಗುತ್ತಿತ್ತು.

ದೀಪದ ಮಾತೂ ಅಷ್ಟೇ. ಚಿಮಣಿ ಎಣ್ಣೆ ಪಡಿತರದ ಅಂಗಡಿಯಿಂದ ಅಳೆದು ಬರುತ್ತಿದ್ದ ಕಾಲ. ಕಂದೀಲಿನ ಗಾಜನ್ನು ಸಂಜೆಗೆ ಬೂದಿಯಿಂದ ಉಜ್ಜಿ ಒರೆಸುವುದು ಮನೆಯ ಮಕ್ಕಳ ಕೆಲಸ. ಗಾಜು ಮಸಿಯಾದರೆ ಎಣ್ಣೆ ಅಷ್ಟೇ ಸುಡುತ್ತದೆ, ಬೆಳಕು ಮಾತ್ರ ಅರ್ಧವಾಗುತ್ತದೆ. ಬನಹಟ್ಟಿಯ ನೇಕಾರರ ಮನೆಗಳಲ್ಲಿ ನಾನು ಕಂಡದ್ದು ಇನ್ನೊಂದು. ಅಲ್ಲಿ ಮನೆಯೇ ಕಾರಖಾನೆ. ದೀಪವನ್ನು ಅವರು ಮಾಡಿಗೆ ಕಟ್ಟುತ್ತಿರಲಿಲ್ಲ. ಮಗ್ಗದ ಮೇಲೆ, ಎಳೆ ಕಡಿದರೆ ಕಣ್ಣಿಗೆ ಕಾಣುವಷ್ಟು ಕೆಳಗೆ ಇಳಿಬಿಡುತ್ತಿದ್ದರು. ಬೆಳಕು ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಇದಕ್ಕಿಂತ ಮೇಲಾದ ಪಾಠ ಯಾವ ಕರಪತ್ರದಲ್ಲಿದೆ?

ಆದರೆ ಹಳೆಯದನ್ನೆಲ್ಲ ಹಾಡಿಹೊಗಳುವುದು ನನ್ನ ಉದ್ದೇಶವಲ್ಲ. ಆ ಒಲೆಗೆ ಇನ್ನೊಂದು ಮುಖವಿತ್ತು, ಅದು ಹೊಗೆ. ನಮ್ಮ ಮಾಳಿಗೆಮನೆಗಳ ಅಡುಗೆಮನೆಗೆ ಒಂದೇ ಒಂದು ಬೆಳಕಿಂಡಿ. ಮುಂಜಾನೆ ಕುಳ್ಳಿನ ಒಲೆ ಹೊತ್ತಿಸಿದರೆ ಹೊಗೆ ಮೊದಲು ತಾಯಿಯ ಕಣ್ಣು ಮೂಗುಗಳನ್ನು ಹೊಕ್ಕು, ಆಮೇಲೆ ಬೆಳಕಿಂಡಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ನಾನು ಪಡಸಾಲೆಯಲ್ಲಿ ಕುಳಿತು ರನ್ನನನ್ನೂ ಪಂಪನನ್ನೂ ಓದುತ್ತಿದ್ದಾಗ ಒಳಗಿನಿಂದ ಆಕೆಯ ಕೆಮ್ಮು ಕೇಳುತ್ತಿತ್ತು. ಮನೆಗೆ ಗೋಡೆ ಇರುವಂತೆ, ಬಾವಿಗೆ ಹಗ್ಗ ಇರುವಂತೆ, ತಾಯಿಗೆ ಕೆಮ್ಮು ಇರುತ್ತದೆಂದೇ ನಾನು ತಿಳಿದಿದ್ದೆ. ಒಲೆಯ ಹೊಗೆ ಮೊದಲಾದ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಸಂಖ್ಯೆಯನ್ನು ಓದಿದಾಗ ನನಗೆ ಕೇಳಿಸಿದ್ದು ಆ ಕೆಮ್ಮೇ.

ಹೊಗೆಯಿಲ್ಲದ ಒಲೆಯ ಕನಸು ನಮ್ಮ ದೇಶದಲ್ಲಿ ಹಳೆಯದು. ವಾರ್ಧಾದ ಮಗನವಾಡಿಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘದವರು ರೂಪಿಸಿದ ಮಗನ್ ಚೂಲಾ ಅದರ ಮೊದಲ ಹೆಜ್ಜೆಗಳಲ್ಲಿ ಒಂದು. 1950ರ ದಶಕದ ಆರಂಭದಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಅವರು ಹೊಗೆಕೊಳವೆಯುಳ್ಳ ಒಲೆಯೊಂದನ್ನು ಪ್ರಚಾರಕ್ಕೆ ತಂದರು. ಮುಂದೆ ಕರ್ನಾಟಕದಲ್ಲಿ ಈ ಕೆಲಸ ನಿಜವಾಗಿ ಬೇರೂರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ ವಿದ್ಯುದ್ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ವಿಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ಉದ್ದೇಶದಿಂದ 'ಅಸ್ತ್ರ' ಎಂಬ ಕೇಂದ್ರವನ್ನು ತೆರೆದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಕಾರ್ಯಕ್ಷೇತ್ರ. ಅವರು ಮೊದಲು ಮಾಡಿದ್ದು ಒಲೆಯನ್ನಲ್ಲ, ಲೆಕ್ಕವನ್ನು. ಆ ಕಡೆಯ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅದನ್ನು ಹೊತ್ತು ತರುವವರು ಯಾರು ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಹಳ್ಳಿಯ ಶಕ್ತಿಯ ಪ್ರಶ್ನೆಯೆಂದರೆ ಬಹುಮಟ್ಟಿಗೆ ಒಲೆಯ ಪ್ರಶ್ನೆ, ಮತ್ತು ಅದರ ಭಾರ ಬಹುಮಟ್ಟಿಗೆ ಹೆಂಗಸರ, ಮಕ್ಕಳ ತಲೆಯ ಮೇಲಿದೆ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು.

ಆ ತಿಳಿವಳಿಕೆಯಿಂದ ಹುಟ್ಟಿದ್ದು 'ಅಸ್ತ್ರ ಒಲೆ'. ಮೂರು ಪಾತ್ರೆಗಳನ್ನು ಸಾಲಾಗಿ ಕೂರಿಸುವ ಮಣ್ಣಿನ ಒಲೆ. ಗಾಳಿ ಸರಾಗವಾಗಿ ಆಡಲು ಕೆಳಗೊಂದು ಜಾಲರಿ, ಹೊಗೆ ಹೊರಹೋಗಲು ಹಿಂದೊಂದು ಕೊಳವೆ. ಹಳೆಯ ಒಲೆಗಳಲ್ಲಿ ಉರುವಲಿನ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು. ಇದರಲ್ಲಿ ಅದರ ಮೂರು ಪಟ್ಟಿಗೂ ಮಿಕ್ಕಿ ತಲುಪುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡುಬಂತು. 1983ರಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಇಂತಹ ಒಲೆಗಳು ದೇಶದ ತುಂಬ ಹರಡಿದವು. 2002ರಲ್ಲಿ ಕೇಂದ್ರ ಅದನ್ನು ಕೈಬಿಡುವ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಲಾಗಿತ್ತು. ಕಟ್ಟಿದ್ದೆಷ್ಟು ಎಂಬುದು ಕಡತದ ಲೆಕ್ಕ. ಉರಿದದ್ದೆಷ್ಟು ಎಂಬುದು ಅಡುಗೆಮನೆಯ ಲೆಕ್ಕ. ಇವೆರಡೂ ಒಂದೇ ಅಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿ ನಮ್ಮ ಯುವಕರ ಮಾತು ಬರುತ್ತದೆ. ಸ್ವಯಂಸೇವೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ದೊಡ್ಡ ಪರಂಪರೆಯಿದೆ. ಡಾ. ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ್ದು 1923ರಲ್ಲಿ. ಅದರ ನೆಲೆ ಹುಬ್ಬಳ್ಳಿ. ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಶಿಕ್ಷಣ ಮಂತ್ರಿ ವಿ. ಕೆ. ಆರ್. ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು. ಮೊದಲ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ ತೊಡಗಿದ ಆ ಯೋಜನೆ ಎಂಬತ್ತರ ದಶಕದ ಹೊತ್ತಿಗೆ ನಮ್ಮ ಚಿಕ್ಕ ಊರುಗಳ ಕಾಲೇಜುಗಳಿಗೂ ಬಂದಿತ್ತು. ಆಗ ತಾನೇ ಅಧ್ಯಾಪಕನಾಗಿದ್ದ ನನ್ನ ಹೆಗಲಿಗೆ ಅದರ ಹೊಣೆ ಬಿತ್ತು.

1986ರ ಚಳಿಗಾಲದಲ್ಲಿ ನಾವು ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತು ದಿನಗಳ ಶಿಬಿರ ಹೂಡಿದೆವು. ಹೊಗೆಯಿಲ್ಲದ ಒಲೆ ಕಟ್ಟುವುದು ನಮ್ಮ ಸಂಕಲ್ಪ. ಹುಡುಗರು ಎರಡು ದಿನ ತರಬೇತಿ ಪಡೆದರು, ಮಣ್ಣು ತುಳಿದರು, ಅಳತೆಯ ಪಟ್ಟಿ ಹಿಡಿದು ಒಂದು ಬೆರಳೂ ಹೆಚ್ಚುಕಡಿಮೆಯಾಗದಂತೆ ಒಲೆ ಕಟ್ಟಿದರು. ಸಮಾರೋಪದ ದಿನ ಭಾಷಣಗಳಾದವು, ಚಪ್ಪಾಳೆಗಳಾದವು. ನಾನು ಒಲೆಗಳ ಸಂಖ್ಯೆಯನ್ನು ವರದಿಯಲ್ಲಿ ಬರೆದು ಒಪ್ಪಿಸಿದೆ.

ಮರುವರ್ಷ ಅದೇ ಊರಿಗೆ ಹೋದಾಗ ನನಗೆ ಕಂಡದ್ದೇನು? ಬಹುಪಾಲು ಒಲೆಗಳು ಒಡೆದಿದ್ದವು. ಕೆಲವು ಕುಳ್ಳು ಇಡುವ ಕಟ್ಟೆಗಳಾಗಿದ್ದವು. ಒಂದು ಮನೆಯಲ್ಲಿ ಕೊಳವೆ ಹೊರಟ ಕಂಡಿಯಿಂದ ಮಳೆಗಾಲದಲ್ಲಿ ಮಾಳಿಗೆ ಸೋರಿ, ಅದಕ್ಕೆ ಗೋಣಿತಟ್ಟು ತುರುಕಿದ್ದರು. ನನಗೆ ಸಿಟ್ಟೇ ಬಂತು. ಈ ಜನಕ್ಕೆ ಒಳ್ಳೆಯದು ಮಾಡಿದರೂ ತಿಳಿಯುವುದಿಲ್ಲವಲ್ಲ ಎಂದುಕೊಂಡೆ. ಆ ಮನೆಯ ಮುದುಕಿಯನ್ನು ಕೇಳಿಯೇಬಿಟ್ಟೆ: "ಯಾಕಬೇ ಯವ್ವಾ, ಹೊಗಿ ಇಲ್ಲದ ಒಲಿ ಕಟ್ಟಿಕೊಟ್ಟರ ಒಡದ ಹಾಕೀರಲ್ಲ?"

ಆಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಿಮ್ಮ ಒಲಿ ಛಲೋ ಇತ್ತಪಾ ತಮ್ಮಾ. ಹೊಗಿ ಹೋತು, ಖರೆ. ಆದರ ರೊಟ್ಟಿ ಎಲ್ಲಿ ನಿಂದರಸಲಿ ಹೇಳು?" ಎಂದಳು.

ಕೇಳಿದ ಕೂಡಲೆ ನನಗೆ ಅರ್ಥವಾಗಲಿಲ್ಲ, ಅರ್ಥವಾದಾಗ ನಾಚಿಕೆಯಾಯಿತು. ಜೋಳದ ರೊಟ್ಟಿ ಹಂಚಿನ ಮೇಲೆಯೇ ಮುಗಿಯುವ ಅಡುಗೆಯಲ್ಲ. ಹಂಚಿನ ಮೇಲೆ ಎರಡೂ ಮಗ್ಗುಲು ಬೆಂದ ಮೇಲೆ ಅದನ್ನು ತೆಗೆದು, ಒಲೆಯ ಬಾಯಿಗೆ ಎಳೆದ ಕೆಂಡದ ಎದುರಿಗೆ ಒರಗಿಸಿ ನಿಲ್ಲಿಸಬೇಕು. ಆಗ ಅದು ಉಬ್ಬಿ ಬೇಯುತ್ತದೆ. ಅಷ್ಟರಲ್ಲಿ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಬಿದ್ದಿರುತ್ತದೆ. ನಾವು ಕಟ್ಟಿದ ಒಲೆಯ ಬಾಯಿ ಕಿರಿದು. ಕೆಂಡ ಮುಂದೆ ಬರುವಂತಿಲ್ಲ, ರೊಟ್ಟಿ ನಿಲ್ಲುವಂತಿಲ್ಲ. ಕುಣಿಗಲ್ಲಿನ ಕಡೆ ಮುದ್ದೆಗೂ ಸಾರಿಗೂ ಬೇಕಾದುದು ಗಡಿಗೆ. ಮೂರು ಗಡಿಗೆ ಕೂರುವ ಒಲೆ ಅಲ್ಲಿಗೆ ಸರಿಯೇ. ಮುದ್ದೆಯ ನಾಡಿನ ಒಲೆಯನ್ನು ರೊಟ್ಟಿಯ ನಾಡಿಗೆ ಒಂದು ಬೆರಳೂ ಬದಲಿಸದೆ ತಂದು ಕೂರಿಸಿದವರು ನಾವು. ಒಲೆಯನ್ನು ರೂಪಿಸಿದ ವಿಜ್ಞಾನಿಗಳು ಮೊದಲು ಹಳ್ಳಿಯವರ ಮಾತು ಕೇಳಿ ಆಮೇಲೆ ಒಲೆ ಮಾಡಿದ್ದರು. ನಾವು ಒಲೆಯನ್ನು ಮಾತ್ರ ತೆಗೆದುಕೊಂಡು, ಕೇಳುವುದನ್ನು ಅಲ್ಲಿಯೇ ಬಿಟ್ಟು ಬಂದಿದ್ದೆವು. ಜೀವನವಿಡೀ ಆ ರೊಟ್ಟಿಯನ್ನೇ ತಿಂದು ಬೆಳೆದ ನನಗೆ ಅದು ಎಲ್ಲಿ ನಿಂತು ಬೇಯುತ್ತದೆಂಬುದು ಗೊತ್ತಿರಲಿಲ್ಲ! ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನನ್ನಂತಹವರನ್ನು ನೋಡಿಯೇ ಹುಟ್ಟಿರಬೇಕು.

ಮುಂದಿನ ಶಿಬಿರದಲ್ಲಿ ನಾವು ಕ್ರಮವನ್ನು ಬದಲಿಸಿದೆವು. ರೊಟ್ಟಿ ಬಡಿಯಬಲ್ಲ ವಿದ್ಯಾರ್ಥಿನಿಯರು ಮುಂದಾದರು. ಮೊದಲ ಮೂರು ದಿನ ಯಾರೂ ಮಣ್ಣು ಮುಟ್ಟಲಿಲ್ಲ; ಅಡುಗೆಮನೆಗಳಲ್ಲಿ ಕುಳಿತು ನೋಡಿದರು, ಕೇಳಿದರು. ಒಲೆಯ ಬಾಯಿ ಅಗಲವಾಯಿತು. ಮುಂದೆ ರೊಟ್ಟಿಗೊಂದು ಕಟ್ಟೆ ಬಂತು. ಕೊಳವೆ ಮಾಳಿಗೆಯ ಬದಲು ಗೋಡೆಯನ್ನು ತೂರಿ ಹೊರಟಿತು. ಆ ಒಲೆ ಪುಸ್ತಕದ ಒಲೆಗಿಂತ ತುಸು ಹೆಚ್ಚು ಉರುವಲನ್ನೇ ತಿನ್ನುತ್ತಿತ್ತು. ಆದರೆ ಅದು ಉರಿಯುತ್ತಿದ್ದ ಒಲೆ. ಪೂರ್ಣ ದಕ್ಷತೆಯುಳ್ಳ ಒಡೆದ ಒಲೆಗಿಂತ ಅರೆ ದಕ್ಷತೆಯುಳ್ಳ ಉರಿಯುವ ಒಲೆ ಮೇಲು ಎಂಬುದು ನಾನು ಕಲಿತ ಪಾಠ. ನನ್ನ ತಾಯಿಗೆ ಆ ಒಲೆಯನ್ನು ಕಟ್ಟಿಕೊಡುವ ಹೊತ್ತಿಗೆ ಆಕೆಯ ಅಡುಗೆಯ ದಿನಗಳು ಮುಗಿದಿದ್ದವು. ಊರಿಗೆಲ್ಲ ಒಲೆ ಕಟ್ಟಿದವನು ತನ್ನ ಮನೆಗೆ ಕೊನೆಗೆ ಬಂದನೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇದಕ್ಕೆ ಹೋಲಿಸಿ ನೋಡಬಹುದಾದ ಇನ್ನೊಂದು ಘಟನೆ ನಮ್ಮ ನೆಲದಲ್ಲಿಯೇ ನಡೆಯಿತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಆ ಕಟ್ಟು ಏಕೆ ನಿಂತಿತು? ನೀರು ಬೇಕಾದವರೇ ಅದನ್ನು ಕಟ್ಟಿದರು. ನಮ್ಮ ಮೊದಲ ಒಲೆಗಳು ಏಕೆ ಬಿದ್ದವು? ಉರಿ ಹಾಕುವವರನ್ನು ಬಿಟ್ಟು ಉಳಿದವರೆಲ್ಲ ಸೇರಿ ಅವನ್ನು ಕಟ್ಟಿದರು.

ಇನ್ನು ವಿದ್ಯುತ್ತಿನ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಘಟಪ್ರಭೆಯ ನೀರು ಗೋಕಾಕದ ಗಿರಣಿಯನ್ನು ತಿರುಗಿಸಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ನಮ್ಮ ಹಳ್ಳಿಗಳ ಮನೆಗಳಿಗೆ ಬೆಳಕು ತಲುಪಲು ಅದಾದ ಮೇಲೆಯೂ ಹಲವು ದಶಕಗಳು ಹಿಡಿದವು. ಈ ಶತಮಾನದ ಆರಂಭದಲ್ಲಿ ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ತಲೆಯೆತ್ತಿತು. ಅದೇ ಜಲಾಶಯದ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಎಷ್ಟೋ ಮನೆಗಳು, ಹೊಲಗಳು, ಒಲೆಗಳು ಮುಳುಗಿದವು. ಗುಂಡಿ ಒತ್ತಿದರೆ ಬರುವ ಬೆಳಕಿನ ಹಿಂದೆ ಯಾರದೋ ಒಂದು ಆರಿದ ಒಲೆ ಇದೆ ಎಂಬುದನ್ನು ನಾವು ಮರೆಯಬಾರದು. ವಿದ್ಯುತ್ತನ್ನು ಮಿತವಾಗಿ ಬಳಸಬೇಕೆನ್ನುವುದಕ್ಕೆ ನನಗೆ ತೋರುವ ಮೊದಲ ಕಾರಣ ಇದು. ಹಣದ ಕಾರಣ ಎರಡನೆಯದು.

ಹಣದ ಲೆಕ್ಕವೂ ಸಣ್ಣದೇನಲ್ಲ. ಹಳೆಯ ತಂತಿಯ ಬಲ್ಬು ತಾನು ಕುಡಿದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಐದು ಪಾಲನ್ನಷ್ಟೇ ಬೆಳಕಾಗಿ ಕೊಡುತ್ತದೆ; ಉಳಿದದ್ದು ಬರಿಯ ಕಾವು. ಅರವತ್ತು ವಾಟಿನ ಅಂತಹ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದರ ಜಾಗದಲ್ಲಿ ಒಂಬತ್ತು ವಾಟಿನ ಎಲ್‌ಇಡಿ ಇಟ್ಟರೆ ಒಂದೂವರೆ ಯೂನಿಟ್ಟೂ ಆಗದು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಇಂತಹ ಬಲ್ಬುಗಳನ್ನು ಅಗ್ಗದ ಬೆಲೆಗೆ ಮನೆಮನೆಗೆ ತಲುಪಿಸಿತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ಬಂತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂದು ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ ಮನೆಯ ವಿದ್ಯುತ್ತಿಗೆ ಬಿಲ್ಲು ಇಲ್ಲದಂತಾಯಿತು. ಅದು ಬಂದಾಗ ಅದರಲ್ಲಿಯೂ ಒಂದು ಕಟ್ಟಳೆಯಿತ್ತು: ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಕೂಡಿಸಿದಷ್ಟು ಮಾತ್ರ ಉಚಿತ, 200 ದಾಟಿದರೆ ಪೂರ್ತಿ ಬಿಲ್ಲು. ಬಿಟ್ಟಿ ಸಿಕ್ಕಿತೆಂದು ಕೈಬಿಚ್ಚಿದ ಮನೆಗೆ ಒಂದು ತಿಂಗಳು ಇದ್ದಕ್ಕಿದ್ದಂತೆ ಬಿಲ್ಲು ಬಂದೀತು.

ಹಾಗಾದರೆ ನಮ್ಮ ಯುವಕರು ಮಾಡಬೇಕಾದುದೇನು? ಬಲ್ಬು ಎಣಿಸುವುದು ಬೇಡವೆಂದು ನಾನು ಹೇಳಲಾರೆ, ಎಣಿಸಲಿ. ಆದರೆ ಎಣಿಸುವ ಮುನ್ನ ಒಳಗೆ ಹೋಗಲಿ. ಗ್ಯಾಸು ಬಂದ ಮನೆಯಲ್ಲಿಯೂ ಬಚ್ಚಲ ಒಲೆ ಏಕೆ ಉರಿಯುತ್ತಿದೆ, ಹಬ್ಬದ ದಿನದ ರೊಟ್ಟಿಗೆ ಹಿತ್ತಿಲ ಒಲೆಯೇ ಏಕೆ ಬೇಕು, ನೇಕಾರನ ಮನೆಯಲ್ಲಿ ಮಗ್ಗದ ಮೇಲಿನ ದೀಪಕ್ಕೆ ಎಂತಹ ಬೆಳಕು ಬೇಕು ಎಂದು ಕೇಳಲಿ. ಆ ಉತ್ತರಗಳಿಂದ ಅವರ ಪಾಠ ಹುಟ್ಟಲಿ. ಮಿತವ್ಯಯವನ್ನು ನಮ್ಮ ಜನರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅವರ ಮಿತವ್ಯಯದಲ್ಲಿ ಹೊಗೆ ಎಲ್ಲಿದೆ, ಸೋರಿಕೆ ಎಲ್ಲಿದೆ ಎಂದು ಅವರ ಜೊತೆಗೆ ಕುಳಿತು ಹುಡುಕಿದರೆ ಸಾಕು. ಹಾಗೆಯೇ 'ಮನೆಗೆ ಮಾರಿ, ಊರಿಗೆ ಉಪಕಾರಿ' ಆಗದಂತೆ, ಈ ಹುಡುಗರು ಮೊದಲ ಅಂಕಣವನ್ನು ತಮ್ಮ ತಮ್ಮ ತಾಯಂದಿರ ಅಡುಗೆಮನೆಯಿಂದ ತುಂಬಲಿ. ನಾನು ಮಾಡದೆ ಬಿಟ್ಟದ್ದು ಅದನ್ನೇ.

ಎಂಟು ದಿನ ಕಳೆದು ಆ ಮಕ್ಕಳು ಮತ್ತೆ ನಮ್ಮ ಓಣಿಗೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಹುಡುಗಿಯರಿಬ್ಬರೂ ನೇರವಾಗಿ ಒಳಗೆ ಹೋಗಿ ನನ್ನ ಹೆಂಡತಿಯ ಜೊತೆ ಬಚ್ಚಲ ಒಲೆಯ ಮುಂದೆ ಕುಳಿತರು. ಮಾಳಿಗೆಯ ಮೇಲೆ ಬಿಸಿಲು ಎಷ್ಟು ಹೊತ್ತು ಇರುತ್ತದೆ, ಬಿಸಿಲಿನಿಂದಲೇ ನೀರು ಕಾಸಲು ಬಂದೀತೇ, ಮೋಡದ ದಿನ ಏನು ಮಾಡುವುದು, ಇದೇ ಅವರ ಮಾತುಕತೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪಡಸಾಲೆಯಲ್ಲಿ ಬಿಟ್ಟುಹೋಗಿದ್ದ ಅವರ ವಹಿಯನ್ನು ತೆರೆದು ನೋಡಿದೆ. ಅಚ್ಚಾದ ಅಂಕಣಗಳ ಕೊನೆಗೆ ಪೆನ್ಸಿಲಿನಿಂದ ಒಂದು ಹೊಸ ಗೆರೆ ಎಳೆದು, ಮೇಲೆ 'ಒಲೆ' ಎಂದು ಬರೆದಿದ್ದರು.